ಹಿಂದಿನ ಸೀಟಿನ ಟ್ರಂಕು

ನಮ್ಮ ಸೋದರಮಾವನಿಗೆ ದೇವರು ಎರಡು ಕಿವಿ ಕೊಟ್ಟದ್ದು ಮನುಷ್ಯರ ಮಾತು ಕೇಳಲಿಕ್ಕಲ್ಲ, ಮೋಟಾರ್ ಸೈಕಲ್ಲುಗಳ ಕಷ್ಟಸುಖ ಕೇಳಲಿಕ್ಕೆ! ಸಂಶಯವಿದ್ದರೆ ಹೊಸಪೇಟೆಗೆ ಬಂದು ನಮ್ಮ ಅತ್ತೆಯನ್ನು ವಿಚಾರಿಸಿ. ಅಡುಗೆಮನೆಯಿಂದ ಅತ್ತೆ "ಏನ್ರಿ, ಚಾ ಆರಾಕತ್ತೈತಿ, ಕೇಳಸ್ತತೇನು?" ಎಂದು ಗಂಟಲು ಹರಿಯುವಂತೆ ಕೂಗಿದರೂ ಪಡಸಾಲೆಯಲ್ಲಿ ಕುಳಿತ ಮಾವ ಅಲುಗುವುದಿಲ್ಲ. ಅದೇ ಹೊತ್ತಿಗೆ ಹಿಂದಿನ ಓಣಿಯಲ್ಲಿ ಯಾರದೋ ಗಾಡಿ ಗುರ್ ಎಂದರೆ ಸಾಕು, ತಟ್ಟನೆ ಅವನ ತಲೆ ಮೇಲೇಳುತ್ತದೆ. "ಟ್ಯಾಪೆಟ್ ಸಡ್ಲ ಆಗೇತಿ. ಪಾಪ, ಯಾರ್ದೋ ಏನೋ!" ಎಂದು ಮರುಗುತ್ತಾನೆ. ನೆಂಟರ ಕಾಯಿಲೆಯ ಸುದ್ದಿ ಕೇಳಿದಾಗಲೂ ಅವನು ಇಷ್ಟು ಮನಸ್ಸಿಟ್ಟು ಪಾಪ ಎಂದದ್ದನ್ನು ನಾನು ಕಂಡಿಲ್ಲ.

ಮಾವ ಮೆಕ್ಯಾನಿಕ್ ಎಂದುಕೊಂಡಿರಾ? ಛೆ ಛೆ, ಅವನದು ಅಕ್ಕಿ ಅಂಗಡಿ! ಗಾದಿಗನೂರಿನಿಂದ ಗಿರಾಕಿ ಅಕ್ಕಿಗೆಂದು ಬಂದರೆ ಮಾವ ಮೊದಲು ನೋಡುವುದು ಅವನು ತಂದ ಚೀಲವನ್ನಲ್ಲ, ಬಂದ ಗಾಡಿಯನ್ನು. "ಬರ್ರಿ, ಕುಂದ್ರಿ. ಗಾಡಿ ಬಂದ್ ಮಾಡಬ್ಯಾಡ್ರಿ!" ಎನ್ನುತ್ತಾ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಉದ್ದನೆಯ ಸ್ಕ್ರೂಡ್ರೈವರ್ ಎಳೆದುಕೊಳ್ಳುತ್ತಾನೆ. ಅದರ ತುದಿ ಎಂಜಿನ್ನಿಗೆ, ಹಿಡಿ ತನ್ನ ಕಿವಿಗೆ. ಕಣ್ಣು ಮುಚ್ಚಿ ಕೂತನೆಂದರೆ ಗಿರಾಕಿಯೂ ಉಸಿರು ಬಿಗಿಹಿಡಿದು ನಿಲ್ಲಬೇಕು. ಎಷ್ಟೋ ಗಿರಾಕಿಗಳು ಚೈನು ಬಿಗಿ ಮಾಡಿಸಿಕೊಂಡು, ಅಕ್ಕಿ ಒಯ್ಯುವುದನ್ನೇ ಮರೆತು ಊರಿಗೆ ಹೋಗಿದ್ದಾರೆ.

ನನಗೂ ಈ ವಿದ್ಯೆ ಕಲಿಸಲು ಅವನು ಬಹಳ ಪಾಡುಪಟ್ಟ. "ನೋಡಲೇ ಅಳಿಯ, ಚರ ಚರ ಅಂದ್ರ ಚೈನು. ಟಿಕ್ ಟಿಕ್ ಅಂದ್ರ ಟ್ಯಾಪೆಟ್, ಆಯಿಲ್ ಐತೋ ಇಲ್ಲೋ ನೋಡ್ಬೇಕು. ಟಕ ಟಕ ಅಂತು ಅನ್ನು..." ಇಲ್ಲಿಗೆ ಬಂದಾಗ ಅವನ ದನಿ ತಗ್ಗುತ್ತದೆ. "ಟಕ ಟಕ ಅಂದ್ರ ಅಲ್ಲೇ ಇಳೀಬೇಕು. ಮುಂದ ಒಂದು ಮಾರೂ ಹೋಗಬಾರ್ದು. ಎಂಜಿನ್ ಸಾಯೋ ಮುಂದ ನೀರು ಕೇಳಿದಂಗ ಅದು."

ಇಂಥವನನ್ನು ನನಗೆ ಹೆಣ್ಣು ನೋಡಲು ಹಿರಿಯನಾಗಿ ಕರೆದೊಯ್ದಿದ್ದರು! ಕಂಪ್ಲಿಯಲ್ಲಿದ್ದ ಅತ್ತೆಯ ತಂಗಿ ಗೊತ್ತುಮಾಡಿದ ಸಂಬಂಧ ಅದು. ಒಗ್ಗಾಣಿ, ಮಿರ್ಚಿ ತಟ್ಟೆಗೆ ಬಿದ್ದವು. ಹುಡುಗಿ ಬಂದು ಕುಳಿತಳು. ಹಿರಿಯರು ಏನಾದರೂ ಕೇಳಬೇಕಲ್ಲ, ಎಲ್ಲರೂ ಮಾವನ ಮುಖ ನೋಡಿದರು. ಅಷ್ಟರಲ್ಲಿ ಹುಡುಗಿಯ ಅಪ್ಪ ರೈಸ್ ಮಿಲ್ಲಿನಿಂದ ಗಾಡಿಯಲ್ಲಿ ಬಂದರು. ಮಾವ ಬಾಯಲ್ಲಿದ್ದ ಮಿರ್ಚಿಯನ್ನು ಹಾಗೇ ನುಂಗಿ ಎದ್ದು ನಿಂತ. "ಭಾಳ ದಿನದಿಂದ ಐತೇನ್ರಿ ಈ ತ್ರಾಸು?" ಹುಡುಗಿಯ ಅಪ್ಪ ಗಾಬರಿಯಾಗಿ, "ಇಲ್ರಿ, ನಮ್ ಹುಡುಗಿ ಆರಾಮ ಅದಾಳ್ರಿ!" ಎಂದರು. ಸ್ವಲ್ಪ ಹೊತ್ತಿಗೆ ಅವರ ಕಾರ್ಬ್ಯುರೇಟರ್ ಅಂಗಳದಲ್ಲಿ ಹಳೆಯ ಪೇಪರಿನ ಮೇಲೆ ಬಿಡಿಬಿಡಿಯಾಗಿ ಮಲಗಿತ್ತು. ಮತ್ತೆ ಜೋಡಿಸುವ ಹೊತ್ತಿಗೆ ಸಂಜೆಯಾಯಿತು. ಹಿರಿಯರೆಲ್ಲ ಅದರ ಸುತ್ತ ನಿಂತಿದ್ದರಿಂದ ಒಳಗೆ ನಾನೂ ಆ ಹುಡುಗಿಯೂ ಬೇಕಾದಷ್ಟು ಮಾತಾಡಿದೆವು, ಮದುವೆಯೂ ಆಯಿತು. ಈಗಲೂ ಮನೆಯಲ್ಲಿ ಜಗಳವಾದರೆ ನನ್ನ ಹೆಂಡತಿ ಬೈಯುವುದು ಆ ಕಾರ್ಬ್ಯುರೇಟರಿಗೆ.

ಇನ್ನು ಟ್ರಂಕಿನ ಸಂಗತಿ. ಮಾವನ ಗಾಡಿಯ ಹಿಂದಿನ ಸೀಟಿನಲ್ಲಿ ಯಾರೂ ಕೂರುವಂತಿಲ್ಲ. ಅಲ್ಲಿ ಒಂದು ತಗಡಿನ ಟ್ರಂಕು ಟ್ಯೂಬಿನ ಪಟ್ಟಿಯಿಂದ ಬಿಗಿಸಿಕೊಂಡು ಕಾಯಂ ಆಗಿ ಕೂತಿದೆ. ಪ್ಲಗ್ಗು, ಕ್ಲಚ್ ವೈರು, ಟ್ಯೂಬು, ಬಲ್ಬು, ನಟ್ಟು ಬಿಚ್ಚುವ ಪಾನಾಗಳು, ಆಯಿಲ್ ಬಾಟಲಿ, ವಾಶರ್... ಒಂದು ಗಾಡಿ ಕೆಡಬಹುದಾದ ಎಲ್ಲ ರೀತಿಗೂ ಅದರಲ್ಲಿ ಉತ್ತರವಿದೆ. ಆದರೆ ಅತ್ತೆ? ಮದುವೆಯ ಹೊಸದರಲ್ಲಿ ಮಾವ ಅವಳಿಗೆ ಒಂದು ಮಾತು ಕೊಟ್ಟಿದ್ದ. ಮಳೆಗಾಲದಲ್ಲಿ ಸಂಡೂರು ಗುಡ್ಡ ಹಸಿರಾದಾಗ ಗಾಡಿಯ ಹಿಂದೆ ಕೂರಿಸಿಕೊಂಡು ಹೋಗುತ್ತೇನೆ ಎಂದು. ಪ್ರತಿ ಮಳೆಗಾಲ ಅತ್ತೆ ಕೇಳುತ್ತಾಳೆ, ಪ್ರತಿ ಮಳೆಗಾಲ ಮಾವ ಟ್ರಂಕಿನ ಕಡೆ ನೋಡುತ್ತಾನೆ. "ಅದನ್ನ ಬಿಟ್ಟು ಘಾಟಿ ಹತ್ತೋದಾ? ನಡುದಾರ್ಯಾಗ ಕೈ ಕೊಟ್ರ ಏನ್ ಮಾಡ್ತಿ?" ಅತ್ತೆ ಸಂಜೆ ಕಂಪ್ಲಿಯ ತಂಗಿಗೆ ಫೋನು ಹಚ್ಚುತ್ತಾಳೆ. "ಕೇಳಿದೇನವ್ವ, ಈ ವರ್ಷಾನೂ ನನ್ನ ಸವತಿನ ಕುಂತಾಳ!"

ಹಂಪಿಗೆ ಹೋಗುವಾಗಲೂ ಅಷ್ಟೆ. ಅತ್ತೆ ಬಸ್ಸಿನಲ್ಲಿ, ಮಾವ ಟ್ರಂಕಿನ ಸಮೇತ ಬಸ್ಸಿನ ಹಿಂದೆ! ಒಮ್ಮೆ ಕಡ್ಡಿರಾಂಪುರದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಮಾವನ ಸಂತೋಷ ಹೇಳತೀರದು. ಜನರ ನಡುವೆ ನುಗ್ಗಿ, ರಸ್ತೆಯ ಬದಿಗೆ ಟ್ರಂಕು ತೆರೆದಿಟ್ಟು, "ಏನ್ ಬೇಕ್ ಕೇಳ್ರಿ" ಎಂದ. ಡ್ರೈವರ್ ಒಮ್ಮೆ ಇಣುಕಿ ನೋಡಿ, "ಫ್ಯಾನ್ ಬೆಲ್ಟ್ ಐತೇನ್ರಿ ಸಾವ್ಕಾರ್ರ?" ಎಂದು ಕೇಳಿದ. ಮಾವನ ಮುಖ ನೋಡಲಾಗಲಿಲ್ಲ. ಅತ್ತೆ ಬೇರೆ ಬಸ್ಸು ಹತ್ತಿ ಹಂಪಿ ಮುಟ್ಟಿ, ವಿರೂಪಾಕ್ಷನ ದರ್ಶನ ಮಾಡಿ, ಪ್ರಸಾದ ಹಿಡಿದು ತಿರುಗಿ ಬಂದರೂ ಮಾವ ಡ್ರೈವರನ ಜೊತೆ ಬೆಲ್ಟಿನ ದಾರಿ ಕಾಯುತ್ತ ಅಲ್ಲೇ ಕೂತಿದ್ದ. ಮರುದಿನದಿಂದ ಟ್ರಂಕಿನಲ್ಲಿ ಬಸ್ಸಿನ ಫ್ಯಾನ್ ಬೆಲ್ಟೂ ಇದೆ.

ಮರಿಯಮ್ಮನಹಳ್ಳಿಯ ಪ್ರಕರಣವನ್ನಂತೂ ಮಾವನ ಎದುರಿಗೆ ಎತ್ತಬಾರದು, ಆದ್ದರಿಂದ ಇಲ್ಲಿ ಎತ್ತುತ್ತೇನೆ. ಅಲ್ಲಿಗೆ ಹೊರಟಾಗ ದಾರಿಯುದ್ದಕ್ಕೂ ಅವನ ಗಾಡಿಯಿಂದ ಗಿಲಿ ಗಿಲಿ ಸದ್ದು. ನಾನು ನನ್ನ ಗಾಡಿಯಲ್ಲಿ ಹಿಂದೆ ಇದ್ದೆ. ಊರು ಕಣ್ಣಿಗೆ ಕಾಣುವಷ್ಟರಲ್ಲಿ ಮಾವ ಬೇವಿನ ಮರದ ಕೆಳಗೆ ನಿಲ್ಲಿಸಿ, ಲಾರಿಗಳ ಧೂಳು ಕುಡಿಯುತ್ತ ಎಂಜಿನ್ನಿನ ತಲೆ ಬಿಚ್ಚಿದ. ಏನೂ ಸಿಗಲಿಲ್ಲ. ಮುಚ್ಚಿ ಹೊರಟರೆ ಮತ್ತೆ ಗಿಲಿ ಗಿಲಿ! ಮತ್ತೆ ಬಿಚ್ಚಿದ. ಅವನಿಗೆ ಕೂರಲು ಆಗಲೆಂದು ನಾನು ಟ್ರಂಕನ್ನು ಬಿಚ್ಚಿ ಎತ್ತಿದೆ ನೋಡಿ, ಗಿಲಿ ಗಿಲಿ ನನ್ನ ಕೈಯಲ್ಲೇ ಕೇಳಿಸಿತು. ಟ್ರಂಕಿನೊಳಗೆ ಹಳೆಯ ಬಿಸ್ಕತ್ತಿನ ಡಬ್ಬಿ, ಅದರ ತುಂಬ ನಟ್ಟು ಬೋಲ್ಟು! ಮಾವ ನಾಚಿದನೇ? ಎಲ್ಲಿಯ ಮಾತು! "ಏನಾರ ಆಗ್ಲಿ, ಎಂಜಿನ್ ಚೊಲೋ ಐತಿ ಅಂತ ಖಾತ್ರಿ ಆತಲ್ಲ" ಎಂದ. ಅಂದು ಸಂಜೆ ಕಂಪ್ಲಿಗೆ ಹೋದ ಫೋನು ಬಿಸಿಯಾಗುವವರೆಗೂ ಅಕ್ಕತಂಗಿಯರು ನಕ್ಕರು.

ಆ ಫೋನು ಕಳೆದ ಮುಂಗಾರಿನಲ್ಲಿ ನಿಂತುಹೋಯಿತು. ಅತ್ತೆಯ ತಂಗಿ ತೀರಿಕೊಂಡಳು. ಅತ್ತೆ ಅತ್ತಳು, ಮಾಡಬೇಕಾದದ್ದೆಲ್ಲ ಮಾಡಿದಳು, ತಿರುಗಿ ಬಂದು ಸುಮ್ಮನಾದಳು. ಅಡುಗೆ ಮಾಡುತ್ತಿದ್ದಳು, ಚಹಾ ತಂದಿಡುತ್ತಿದ್ದಳು, ಕೂಗುತ್ತಿರಲಿಲ್ಲ. ನಾನು ಏನಾದರೂ ತಮಾಷೆ ಮಾಡಿದರೆ ನನ್ನ ಸಮಾಧಾನಕ್ಕೆಂದು ನಗುತ್ತಿದ್ದಳು. ಒಂದು ದಿನ ಅಂಗಡಿಯಲ್ಲಿ ಮಾವ ಸ್ಕ್ರೂಡ್ರೈವರನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದ. "ಸದ್ದು ಬಂದ್ರ ಎಲ್ಲಿ ಕೆಟ್ಟೈತಿ ಅಂತ ಹಿಡೀಬೌದಲೇ ಅಳಿಯ. ಸದ್ದಾ ಬರ್ಲಿಲ್ಲಂದ್ರ ಹೆಂಗ ಹಿಡೀಲಿ?" ಎಂದ. ಮರುದಿನ ಬೆಳಿಗ್ಗೆ ಅವನು ಟ್ಯೂಬಿನ ಪಟ್ಟಿ ಬಿಚ್ಚಿ, ಟ್ರಂಕನ್ನು ಒಳಗೆ ಮಂಚದ ಕೆಳಗೆ ನೂಕಿ, ಸೀಟು ಒರೆಸಿ, "ಬಾ, ಸಂಡೂರಿಗೆ ಹೋಗೂಣು" ಎಂದನಂತೆ. ಅತ್ತೆ ನಂಬಲಾರದೆ ಖಾಲಿ ಸೀಟನ್ನು ಮುಟ್ಟಿ ನೋಡಿದಳಂತೆ.

ಮಧ್ಯಾಹ್ನ ನನಗೆ ಫೋನು ಬಂತು. "ಲಗೇಜ್ ಆಟೋ ತಗೊಂಡು ಬಾರಲೇ. ಸಂಡೂರು ದಾರ್ಯಾಗ, ಘಾಟಿ ಮ್ಯಾಲೆ. ಎಂಜಿನ್ ಹಿಡ್ಕೊಂಡೈತಿ, ತಿರುಗವಲ್ದು." ಅವನ ದನಿಯ ಹಿಂದೆ ಇನ್ನೊಂದು ದನಿ ಒಂದೇ ಸಮನೆ ಕೇಳಿಸುತ್ತಿತ್ತು. ಹೋಗಿ ನೋಡಿದರೆ ಹಸಿರು ಗುಡ್ಡದ ಬದಿಗೆ, ಅದಿರಿನ ಕೆಂಪು ಕೆಸರಿನಲ್ಲಿ ಗಾಡಿ ನಿಂತಿದೆ. ಮಾವ ಕಲ್ಲಿನ ಮೇಲೆ ಕೂತಿದ್ದಾನೆ. ಅತ್ತೆ ಛತ್ರಿ ಹಿಡಿದು ಮದುವೆಯ ದಿನದ ಸಂಗತಿಯಿಂದ ಶುರುಮಾಡಿ ಬೈಯುತ್ತಿದ್ದಾಳೆ! "ಊರ ಮಂದಿ ಗಾಡಿ ಎಲ್ಲಾ ಕೇಳಸ್ತಾವು, ತಮ್ದು ಕೇಳಲಿಲ್ಲಂತ!"

ನಾನು ಬಗ್ಗಿ ನೋಡಿದೆ. ಎಂಜಿನ್ನಿನ ಕೆಳಗಿನ ಬೋಲ್ಟಿನ ವಾಶರ್ ಹೋಗಿ ಆಯಿಲೆಲ್ಲ ಸೋರಿತ್ತು. ಆ ವಾಶರ್, ಆ ಆಯಿಲ್ ಎರಡೂ ಹೊಸಪೇಟೆಯಲ್ಲಿ ಮಂಚದ ಕೆಳಗಿದ್ದವು.

"ಮಾಮಾ, ಟಿಕ್ ಟಿಕ್ ಅಂದಿರಬೇಕಲ್ಲ?"

"ಅಂತು."

"ಟಕ ಟಕ?"

"ಅದೂ ಅಂತು."

"ಮತ್ತ ಇಳೀಲಿಲ್ಲೇನು?"

ಮಾವ ಅತ್ತೆಯ ಕಡೆ ನೋಡಿ ದನಿ ತಗ್ಗಿಸಿದ. "ಏರು ಹತ್ತೋ ಮುಂದ ಆಕಿ ತಂಗಿ ಮಾತು ತಗದ್ಲು. ಸಣ್ಣಾಕಿದ್ದಾಗಿಂದು, ಒಂದೊಂದ ಹೇಳಾಕತ್ಲು. ನಕ್ಲು ಕೂಡ. ಗಾಡಿ ನಿಂದರಿಸಿದ್ರ ಮಾತೂ ನಿಲ್ತಿತ್ತಲೇ. ಇರ್ಲಿ ಬಿಡು, ಎಂಜಿನ್ ಬಿಚ್ಚಿಸಿ ಬೋರ್ ಮಾಡಿಸಿದ್ರ ಮತ್ತ ನಡೀತೈತಿ."

ಗಾಡಿಯನ್ನು ಆಟೋಕ್ಕೆ ಏರಿಸಿದೆವು. ಅತ್ತೆ ಮುಂದೆ ಡ್ರೈವರನ ಪಕ್ಕದಲ್ಲಿ, ನಾನೂ ಮಾವನೂ ಹಿಂದೆ ಗಾಡಿಯನ್ನು ಹಿಡಿದುಕೊಂಡು. ಘಾಟಿ ಇಳಿಯುವಾಗ ಆಟೋದ ಸೈಲೆನ್ಸರ್ ಕಿವಿ ಕಿತ್ತುಹೋಗುವಂತೆ ಬಡಿದುಕೊಳ್ಳುತ್ತಿತ್ತು. ಮಾವ ಅದಕ್ಕೇನು ರೋಗವೆಂದು ಹೇಳುತ್ತಾನೋ ಎಂದು ನಾನು ಕಾದೆ, ಅವನು ಹೇಳಲಿಲ್ಲ.

ಮುಂದಿನಿಂದ ಅತ್ತೆ ಕೂಗಿದಳು, "ಏನ್ರಿ, ಕೇಳಸ್ತತೇನು?"

"ಹೂಂ, ಕೇಳಸ್ತತಿ. ಹೇಳು" ಎಂದ ಮಾವ, ಮೊದಲ ಕೂಗಿಗೇ.