ಆಟೋದವರನ್ನು ಕೇಳಿ ನನಗೆ ಕಿವಿಯಂತ್ರ ಕೊಟ್ಟ ಸಾಹೇಬರಿಗೆ

ಅಂಗವಿಕಲರ ಸಾಧನ ಸಲಕರಣೆ ಶಿಬಿರದಲ್ಲಿ ಫ್ಯಾನಿನ ಕೆಳಗಿನ ಮೇಜನ್ನು ಅಲಂಕರಿಸಿದ್ದ ಮಾನ್ಯ ಅಧಿಕಾರಿಗಳ ಸನ್ನಿಧಿಗೆ, ಹೊಸನಗರದ ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಕುಮುದಾ ಮಾಡುವ ಗೌರವಪೂರ್ವಕ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನನ್ನ ಮುಖ ತಮಗೆ ನೆನಪಿರಲಾರದು. ಅದಕ್ಕಾಗಿ ತಮ್ಮ ಜ್ಞಾಪಕಶಕ್ತಿಯನ್ನು ದೂರಿದರೆ ಅನ್ಯಾಯವಾದೀತು, ಏಕೆಂದರೆ ತಾವು ಅದನ್ನು ನೋಡಿಯೇ ಇಲ್ಲ. ಆದರೆ ನನ್ನ ಹಿಂದೆ ಖಾಕಿ ಅಂಗಿ ತೊಟ್ಟು ನಿಂತಿದ್ದ ದಪ್ಪ ಮೀಸೆಯವರನ್ನು ಖಂಡಿತ ಮರೆತಿರಲಾರಿರಿ. ಅವರ ಹೆಸರು ಜಟ್ಟಿಂಗಪ್ಪ. ನನ್ನ ದೇಹ, ನನ್ನ ಕಷ್ಟ, ನನ್ನ ಅಗತ್ಯಗಳ ಕುರಿತು ತಾವು ಅವರೊಡನೆ ನಡೆಸಿದ ಸಮಾಲೋಚನೆಗೆ ಕೃತಜ್ಞತೆ ಸಲ್ಲಿಸದೆ ಇದ್ದರೆ ನನಗೆ ಊಟ ರುಚಿಸದು, ಆದ್ದರಿಂದ ಈ ಪತ್ರ.

ನನ್ನ ಪರಿಚಯವನ್ನು ಅಂದೇ ಹೇಳಬೇಕೆಂದಿದ್ದೆ, ಅವಕಾಶವಾಗಲಿಲ್ಲ. ಹುಟ್ಟಿದಾಗಿನಿಂದ ನನ್ನ ಕಾಲುಗಳಿಗೆ ಬಲವಿಲ್ಲ, ಗಾಲಿಕುರ್ಚಿಯಲ್ಲಿ ಓಡಾಡುತ್ತೇನೆ. ಆಗಿನ ಕುರ್ಚಿ ದಾನಿಗಳೊಬ್ಬರು ಕೊಟ್ಟದ್ದು. ತುಂಬ ಉದಾರವಾದ ಕುರ್ಚಿ, ವಿಶೇಷವಾಗಿ ಅಗಲದಲ್ಲಿ. ಅದು ನನ್ನ ಅಂಗಡಿಯ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅದನ್ನು ಹೊರಗೇ ಬಿಟ್ಟು, ನೆಲಕ್ಕಿಳಿದು, ಕೈಯೂರಿಕೊಂಡು ತೆವಳುತ್ತ ಒಳಗೆ ಹೋಗಿ, ಕೌಂಟರಿನ ಹಿಂದಿನ ಹಲಗೆಯ ಮೇಲೆ ಏರಿ ಕೂರುತ್ತಿದ್ದೆ. ಬಸ್ಸಿಗೆ ಕಾಯುವವರು ಅಷ್ಟೂ ಹೊತ್ತು ಬೇರೆ ಕಡೆ ನೋಡುವಷ್ಟು ಸಭ್ಯರು. ಬೇರೆ ಕಡೆ ನೋಡುತ್ತಿದ್ದಾರೆ ಎಂಬುದು ನನಗೆ ಗೊತ್ತಾಗದಷ್ಟು ಸಭ್ಯರಾಗಲು ಅವರಿಗೂ ಆಗಲಿಲ್ಲ.

ಹೀಗಿರುವಾಗ ತಮ್ಮ ಇಲಾಖೆಯ ಪ್ರಕಟಣೆ ಫೋನಿನಲ್ಲಿ ಬಂತು. ಗಾಲಿಕುರ್ಚಿಗಳು ಎರಡು ಅಗಲದಲ್ಲಿ ಲಭ್ಯ, ಫಲಾನುಭವಿಗಳು ತಮಗೆ ಹೊಂದುವುದನ್ನು ಆರಿಸಿಕೊಳ್ಳಬಹುದು ಎಂದಿತ್ತು. 'ಆರಿಸಿಕೊಳ್ಳಬಹುದು' ಎಂಬ ಮಾತನ್ನು ಸರ್ಕಾರ ನನಗೆ ಹೇಳಿದ್ದು ಅದೇ ಮೊದಲು. ಆ ದಿನವೇ ಬಾಗಿಲನ್ನು ಟೇಪು ಹಿಡಿದು ಅಳೆದೆ.

ಶಿಬಿರ ಇದ್ದದ್ದು ತೀರ್ಥಹಳ್ಳಿಯಲ್ಲಿ. ಖಾಸಗಿ ಬಸ್ಸಿನ ಮೆಟ್ಟಿಲು ಹತ್ತುವುದು ನನ್ನಿಂದಾಗದ ಕೆಲಸವಾದ್ದರಿಂದ ಜಟ್ಟಿಂಗಪ್ಪನವರ ಆಟೋ ಗೊತ್ತುಮಾಡಿದೆ. ಅವರು ನನಗೆ ಬಂಧುವಲ್ಲ, ಪೋಷಕರಲ್ಲ, ನೆರೆಯವರೂ ಅಲ್ಲ. ಅವರು ಆಟೋದವರು. ಹಳೆಯ ಆಟೋದ ಸದ್ದಿಗೆ ಅವರ ಕಿವಿ ಮಂದವಾಗಿದೆ ಎಂಬುದೊಂದನ್ನು ಬಿಟ್ಟರೆ ಅವರಲ್ಲಿ ಯಾವ ದೋಷವೂ ಇಲ್ಲ. ಕೋಣಂದೂರಿನಲ್ಲಿ ಚಹಾ ಕುಡಿದು, ಬಾಗಿಲಿನ ಅಳತೆಯನ್ನು ಬಾಯಿಪಾಠ ಮಾಡುತ್ತ ತಮ್ಮ ಮುಂದೆ ಬಂದು ನಿಂತೆ. ಅಂದರೆ ಕೂತೆ.

ತಾವು ನನ್ನ ತಲೆಯ ಮೇಲಿನಿಂದ ದೃಷ್ಟಿ ಹಾಯಿಸಿ ಜಟ್ಟಿಂಗಪ್ಪನವರನ್ನು ಕೇಳಿದಿರಿ. "ಏನ್ರೀ, ಇವ್ರಿಗೆ ಏನು ತೊಂದ್ರೆ?"

ಅವರು ಕಿವಿಯ ಹಿಂದೆ ಅಂಗೈ ಇಟ್ಟು ಬಾಗಿದರು. "ಆಂ? ಕೇಳ್ಸಲ್ಲ ಸಾರ್."

ತಾವು ಬರೆದುಕೊಂಡಿರಿ.

"ಸರ್, ನನಗೆ ಸಣ್ಣ ಅಗಲದ ಗಾಲಿಕುರ್ಚಿ ಬೇಕಿತ್ತು," ಎಂದೆ.

"ಸ್ವಲ್ಪ ಇರಮ್ಮ, ನಿಮ್ಮೋರ ಹತ್ರ ಮಾತಾಡ್ತಿದೀನಲ್ಲ," ಎಂದು ನನ್ನನ್ನು ಸಮಾಧಾನಪಡಿಸಿ, ಅವರತ್ತ ಗಟ್ಟಿಯಾಗಿ, "ಎಷ್ಟು ವರ್ಷದಿಂದ ಕೇಳ್ಸಲ್ಲ?" ಎಂದಿರಿ.

ಗಟ್ಟಿಯಾಗಿ ಕೇಳಿದ್ದರಿಂದ ಅವರಿಗೆ ಕೇಳಿಸಿತು. ಅವರನ್ನು ಇಷ್ಟು ಕಾಳಜಿಯಿಂದ ಯಾರೂ ವಿಚಾರಿಸಿರಲಿಲ್ಲವೇನೋ, ಮನಸ್ಸು ಬಿಚ್ಚಿ ಹೇಳಿದರು. "ಆಟೋ ತಗಂಡಾಗಿಂದ್ಲೂ ಹಂಗೇ ಸಾರ್. ಎಡಗಡೆದು ಜಾಸ್ತಿ. ಮನೇಲಿ ಹೆಂಡ್ತಿ ಕರೆದ್ರೂ ಗೊತ್ತಾಗಲ್ಲ."

"ಸರ್, ಅವ್ರು ಅವ್ರ ಕಿವಿ ವಿಷ್ಯ ಹೇಳ್ತಿದಾರೆ," ಎಂದೆ.

"ಆಯ್ತಮ್ಮ, ಎಲ್ಲಾ ಬರ್ಕೊಂಡಿದೀನಿ," ಎಂದಿರಿ, ಮತ್ತು ಮುಂದಿನವರನ್ನು ಕರೆದಿರಿ. ನನಗೆ ಹೆಂಡತಿ ಇರುವ ಸಾಧ್ಯತೆಯ ಬಗ್ಗೆ ಕೂಡ ಪ್ರಶ್ನೆ ಎತ್ತದ ತಮ್ಮ ಉದಾರ ಮನೋಭಾವವನ್ನು ಇಲ್ಲಿ ದಾಖಲಿಸಬಯಸುತ್ತೇನೆ.

ಮಳೆ ಶುರುವಾಗುವ ಹೊತ್ತಿಗೆ ಅಂಚೆಯಲ್ಲಿ ಒಂದು ಪೊಟ್ಟಣ ಬಂತು, ಅಂಗೈಯಷ್ಟು. ಗಾಲಿಕುರ್ಚಿಯನ್ನು ಇಷ್ಟು ಚಿಕ್ಕದಾಗಿ ಮಡಿಸಬಲ್ಲ ನಮ್ಮ ದೇಶದ ತಂತ್ರಜ್ಞಾನಕ್ಕೆ ಬೆರಗಾಗಿ ಬಿಚ್ಚಿದೆ. ಒಳಗೆ ಎಡಗಿವಿಯ ಶ್ರವಣಯಂತ್ರವಿತ್ತು. ಅಗಲದಲ್ಲಿ ಅದು ನನ್ನ ಬಾಗಿಲಿಗೆ ಸರಿಯಾಗಿ ಹಿಡಿಸುತ್ತದೆ, ಆ ವಿಷಯದಲ್ಲಿ ನನ್ನ ಆಕ್ಷೇಪವಿಲ್ಲ.

ಜಟ್ಟಿಂಗಪ್ಪನವರಿಗೆ ಕೊಟ್ಟು, "ಒಂದ್ಸಲ ಹಾಕ್ಕೊಂಡು ನೋಡಿ ಅಣ್ಣ," ಎಂದೆ. ಅವರು ಹಾಕಿಕೊಂಡು ಆಟೋ ಶುರು ಮಾಡಿದರು, ತಕ್ಷಣ ಆರಿಸಿದರು. ಇಳಿದು ಬಂದು ನನ್ನ ಕೌಂಟರಿಗೆ ಒರಗಿ ನಿಂತರು. "ಇಷ್ಟ್ ದಿನ ಜನ ಇದ್ರಾಗೆ ಹೆಂಗ್ ಕೂತಿದ್ರು ಅಕ್ಕ?" ಎಂದರು. ಮಧ್ಯಾಹ್ನವೇ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟರು. ತಾವು ನನಗೆ ಮಾಡಿದ ಉಪಕಾರದಿಂದ ಹೊಸನಗರ ಪೇಟೆಯ ಶಬ್ದಮಾಲಿನ್ಯ ಗಣನೀಯವಾಗಿ ತಗ್ಗಿದೆ.

ಯಂತ್ರ ವಾಪಸು ತೆಗೆದುಕೊಂಡು ಕುರ್ಚಿ ಕೊಡಿ ಎಂದು ತಮ್ಮ ಕಚೇರಿಗೆ ಫೋನು ಮಾಡಿದೆ. ಕಿವಿ ಚೆನ್ನಾಗಿದೆ ಎಂದು ಪರೀಕ್ಷೆ ಮಾಡಿಸಿ ರುಜುವಾತು ತನ್ನಿ ಎಂಬ ಉತ್ತರ ಬಂತು. ಆ ಉತ್ತರವನ್ನು ನಾನು ಫೋನಿನಲ್ಲಿ ಕೇಳಿಸಿಕೊಂಡೆ ಎಂಬುದು ರುಜುವಾತು ಆಗುವುದಿಲ್ಲವಂತೆ. ಹಾಗಾಗಿ ಜಟ್ಟಿಂಗಪ್ಪನವರ ಆಟೋದಲ್ಲಿ ಬಟ್ಟೆಮಲ್ಲಪ್ಪ ಊರಿನ ಮೇಲೆ ಹಾದು ಸಾಗರದ ಆಸ್ಪತ್ರೆಗೆ ಹೋದೆವು. ಗಾಜಿನ ಕೋಣೆಯಲ್ಲಿ ನನ್ನ ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಕೈ ಎತ್ತಲು ಹೇಳಿದರು. ಎತ್ತಿದೆ. ಪರೀಕ್ಷೆ ಮಾಡಿದ ಹುಡುಗ ಗೊಂದಲಗೊಂಡು ನನ್ನನ್ನು ಹೊರಗೆ ಕರೆತಂದ.

"ನಿಮ್ಮ ಕಿವಿ ಚೆನ್ನಾಗೇ ಇದೆಯಲ್ಲ, ಮತ್ತೆ ಯಾಕ್ ಬಂದ್ರಿ?"

"ಚೆನ್ನಾಗಿದೆ ಅಂತ ಬರೆಸ್ಕೊಂಡು ಹೋಗೋಕೆ."

ಅವನು ಜಟ್ಟಿಂಗಪ್ಪನವರ ಕಡೆ ತಿರುಗಿದ. "ಇವ್ರಿಗೆ ಯಾವಾಗಿಂದ ಸರಿಯಾಗಿ ಕೇಳ್ತಾ ಇದೆ?"

ಮಾನ್ಯರೇ, ಆ ಗಳಿಗೆಯಲ್ಲಿ ತಮ್ಮ ಶಿಷ್ಯವರ್ಗ ಎಷ್ಟು ದೂರ ಹಬ್ಬಿದೆ ಎಂಬುದು ಮನವರಿಕೆಯಾಗಿ, ನಾನು ನಕ್ಕುಬಿಟ್ಟೆ. ವಾಪಸು ಬರುವ ದಾರಿಯಲ್ಲೂ ನಕ್ಕೆ. ಬಟ್ಟೆಮಲ್ಲಪ್ಪ ದಾಟಿದ ಮೇಲೆ ಯಾಕೋ ನಗು ನಿಂತಿತು. ಜಟ್ಟಿಂಗಪ್ಪ ಕನ್ನಡಿಯಲ್ಲಿ ನೋಡಿ ಗಾಡಿಯನ್ನು ನಿಧಾನ ಮಾಡಿದರು.

ಈ ಅನುಭವದ ಬೆಳಕಿನಲ್ಲಿ ನನ್ನ ಕೆಲವು ವಿನಮ್ರ ಬೇಡಿಕೆಗಳಿವೆ. ಒಂದೋ ತಮ್ಮ ಮೇಜಿನ ಕಾಲುಗಳನ್ನು ಕತ್ತರಿಸಿ ನಮ್ಮ ಎತ್ತರಕ್ಕೆ ಇಳಿಸಬೇಕು, ಇಲ್ಲವೇ ನನ್ನ ಧ್ವನಿಗೆ ನಿಂತುಕೊಳ್ಳಲು ಒಂದು ಸ್ಟೂಲನ್ನು ಮಂಜೂರು ಮಾಡಬೇಕು. ಅದೂ ಆಗದಿದ್ದರೆ ನನಗೊಂದು ದಪ್ಪ ಮೀಸೆಯನ್ನು, ಅಳತೆಗೆ ತಕ್ಕಂತೆ ಎರಡು ಅಗಲಗಳಲ್ಲಿ ಒದಗಿಸಿ, ಆರಿಸಿಕೊಳ್ಳಲು ಬಿಡಬೇಕು.

ಇನ್ನು ನಡೆದದ್ದನ್ನು ಪೂರ್ತಿ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ನಿಜವಾದ ದೂರು ಇರುವುದು ಅಲ್ಲಿ. ಯಂತ್ರವನ್ನೂ ಕಿವಿಯ ರುಜುವಾತನ್ನೂ ತಮ್ಮ ಕಚೇರಿಗೆ ಕಳಿಸಿದೆ, ಕುರ್ಚಿ ಮಾತ್ರ ಬರಲಿಲ್ಲ. ದೀಪಾವಳಿಯ ನಂತರ ನಮ್ಮ ಹೊಸನಗರದಲ್ಲೇ ಮತ್ತೊಂದು ಶಿಬಿರವಾಯಿತು. ತಮ್ಮ ಜಾಗದಲ್ಲಿ ವಿನಯಾ ಎಂಬ ಹೊಸ ಅಧಿಕಾರಿ ಇದ್ದರು. ಜಟ್ಟಿಂಗಪ್ಪ ಎಂದಿನಂತೆ ನನ್ನ ಹಿಂದೆ ನಿಂತರು. ವಿನಯಾ ಮೇಜು ಬಿಟ್ಟು ಎದ್ದು ಬಂದು, ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ನನ್ನ ಎದುರಿಗೆ ಎಳೆದುಕೊಂಡು ಕೂತು, ನೇರವಾಗಿ ನನ್ನ ಮುಖ ನೋಡಿ ಕೇಳಿದರು. "ಹೇಳಿ ಕುಮುದಾ ಅವ್ರೆ, ನಿಮಗೆ ಎಂತ ಬೇಕಿತ್ತು?"

ನಾನು ತಿರುಗಿ ಜಟ್ಟಿಂಗಪ್ಪನವರ ಮುಖ ನೋಡಿದೆ.

ಮೂರು ತಾಲ್ಲೂಕು ಸುತ್ತಿದವಳು, ಅಳತೆಯನ್ನು ನಿದ್ದೆಯಲ್ಲೂ ಹೇಳಬಲ್ಲವಳು, ದಿನಕ್ಕಿಷ್ಟು ಗಿರಾಕಿಗಳ ಜೊತೆ ಚೌಕಾಸಿ ಮಾಡಿ ಬದುಕುವವಳು, ನನಗೇನು ಬೇಕು ಎಂದು ಕೇಳಿದಾಗ ಉತ್ತರಕ್ಕಾಗಿ ಆಟೋದವರ ಕಡೆ ತಿರುಗಿದೆ. ಅವರು ಕಿಟಕಿಯ ಆಚೆ ನೋಡುತ್ತ ನಿಂತಿದ್ದರು. "ನನ್ನ ಯಾಕ್ ನೋಡ್ತೀರಿ, ಹೇಳಿ ಅಕ್ಕ," ಎಂದು ಮೆಲ್ಲಗೆ ಅಂದು, ಹೊರಗೆ ಹೋಗಿಬಿಟ್ಟರು.

ಆಮೇಲೆ ಹೇಳಿದೆ. ಬಾಗಿಲಿನ ಅಗಲ ಹೇಳಿದೆ, ಕೌಂಟರಿನ ಎತ್ತರ ಹೇಳಿದೆ, ಕೈಹಿಡಿಕೆ ತೆಗೆಯಲು ಬರುವಂಥದ್ದೇ ಬೇಕೆಂದೆ, ತೆವಳುವ ವಿಷಯವನ್ನೂ ಹೇಳಿದೆ, ಅದನ್ನು ಅದುವರೆಗೆ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ವಿನಯಾ ಎಲ್ಲವನ್ನೂ ಕೇಳಿಸಿಕೊಂಡರು, ನಡುವೆ ಬಾಯಿ ಹಾಕಲಿಲ್ಲ. ಕುರ್ಚಿ ಕಳೆದ ತಿಂಗಳು ಬಂತು. ಸಣ್ಣ ಅಗಲದ್ದು. ಈಗ ಬಾಗಿಲು ತೆಗೆದು, ಬಸ್ ಸ್ಟ್ಯಾಂಡಿನ ಕಡೆ ಒಮ್ಮೆ ನೋಡಿ, ಕುರ್ಚಿಯಲ್ಲೇ ಒಳಗೆ ಹೋಗುತ್ತೇನೆ. ಜಟ್ಟಿಂಗಪ್ಪನವರಿಗೂ ಅದೇ ಶಿಬಿರದಲ್ಲಿ ಅವರದೇ ಹೆಸರಿನಲ್ಲಿ ಯಂತ್ರ ಸಿಕ್ಕಿದೆ.

ಆದ್ದರಿಂದ ಕುರ್ಚಿ ತಡವಾಯಿತೆಂದು ನಾನು ದೂರುತ್ತಿಲ್ಲ. ವಿನಯಾ ಕೇಳಿದಾಗ ನನ್ನ ಕತ್ತು ತಾನಾಗಿ ಹಿಂದಕ್ಕೆ ತಿರುಗಿತಲ್ಲ, ಅದನ್ನು ದೂರುತ್ತಿದ್ದೇನೆ. ಆ ತರಬೇತಿ ನನಗೆ ತಮ್ಮಿಂದ, ತಮ್ಮಂಥ ಅನೇಕ ಮಹನೀಯರಿಂದ, ಚಿಕ್ಕಂದಿನಿಂದ ಪುಕ್ಕಟೆಯಾಗಿ ದೊರೆತಿದೆ. ಅದನ್ನು ವಾಪಸು ಪಡೆಯಲು ಯಾವ ಮೇಜಿಗೆ ಹೋಗಬೇಕು ಎಂದು ದಯವಿಟ್ಟು ತಿಳಿಸುವಿರಾ? ತಿಳಿಸುವುದಾದರೆ ನನಗೇ ತಿಳಿಸಿ.

ತಮ್ಮ ಕಣ್ಣಿಗೆ ಇನ್ನೂ ಬೀಳಬೇಕಾಗಿರುವ,
ತಮ್ಮ ವಿಶ್ವಾಸಿ,
ಕುಮುದಾ
ಹೊಸನಗರ

ಮರೆತ ಮಾತು: ಮುಂದಿನ ಶಿಬಿರದ ಪ್ರಚಾರ ನಮ್ಮ ಪೇಟೆಯಲ್ಲಿ ಭರದಿಂದ ಸಾಗಿದೆ. ಕಣ್ಣು ಕಾಣದವರಿಗಾಗಿ ಗೋಡೆಗೆ ದೊಡ್ಡ ಅಕ್ಷರದ ಪೋಸ್ಟರುಗಳನ್ನೂ, ಕಿವಿ ಕೇಳದವರಿಗಾಗಿ ಜೀಪಿನ ಮೇಲೆ ಮೈಕನ್ನೂ ತಮ್ಮ ಇಲಾಖೆ ಏರ್ಪಡಿಸಿದೆ. ನೋಂದಣಿ ಮೊದಲ ಮಹಡಿಯಲ್ಲಿ ಎಂದು ತಿಳಿದು ನಮ್ಮಂಥವರಿಗೂ ತಾರತಮ್ಯ ಮಾಡಿಲ್ಲವೆಂದು ಸಂತೋಷವಾಯಿತು.