ಪಾಂಡವಪುರ ಬೀಟ್ಸ್, ಭಾಗ ನಾಲ್ಕು

ತೊಂಬತ್ತಾರನೇ ಇಸವಿಯ ಆ ಭಾನುವಾರ ಕೆ.ಆರ್. ಪೇಟೆ ಬಸ್ಸಿನ ಕಂಡಕ್ಟರು ಪಾಂಡವಪುರದ ಸ್ಟಾಂಡಿನಲ್ಲಿ ಟೀ ಕುಡಿದು ಸುಮ್ಮನೆ ಹೋಗಿದ್ದರೆ, ತಿಮ್ಮರಾಜು ತನ್ನ ಕೀಬೋರ್ಡು ಮಾರಿ, ಉಂಡು, ತೆಪ್ಪಗೆ ಮಲಗಿಬಿಡುತ್ತಿದ್ದ. ಕಂಡಕ್ಟರು ಸುಮ್ಮನೆ ಹೋಗಲಿಲ್ಲ.

"ಸಾ, ಸಂತೆಬಾಚಹಳ್ಳಿ ಅಂಗಡಿ ಕುಳ್ಳಯ್ಯ ಯೋಳ್ಕಳ್ಸವ್ನೆ. ನಿಮ್ ಕ್ಯಾಸೆಟ್ಟೆಲ್ಲ ಖರ್ಚಾದ್ವಂತೆ. ಇನ್ನೂ ನೂರು ಬೇಕಂತೆ, ಬಿರ್ರನೆ ಕಳಿಸ್ಬೇಕಂತೆ."

ತಿಮ್ಮರಾಜು ಟೀ ಲೋಟವನ್ನು ಗಾಳಿಯಲ್ಲೇ ಬಿಟ್ಟು ಮನೆಗೆ ಓಡಿದ.

ಅವನು ವಾರದ ದಿನಗಳಲ್ಲಿ ಸೊಸೈಟಿ ಗುಮಾಸ್ತ, ರಜಾ ದಿನಗಳಲ್ಲಿ ಸಂಗೀತಗಾರ. ಹಾಡುವವರಿಲ್ಲ, ಮೇಳವಿಲ್ಲ, ಎಲ್ಲ ಅವನೊಬ್ಬನೇ. ಒಂದು ಕೀಬೋರ್ಡು, ಎರಡು ಟೇಪ್‌ರೆಕಾರ್ಡರು. ಒಂದರಲ್ಲಿ ತಾಳ ಹಿಡಿದಿಟ್ಟುಕೊಂಡು, ಅದನ್ನು ಹಾಕಿ ಮೇಲೆ ರಾಗ ನುಡಿಸುತ್ತ ಎರಡನ್ನೂ ಇನ್ನೊಂದಕ್ಕೆ ತುಂಬುವುದು. ಬರೀ ಕುಣಿತದ ಸಂಗೀತ. ಮಲಗುವ ಕೋಣೆಯೇ ಸ್ಟುಡಿಯೋ. ಕಿಟಕಿಗೆ ಹಾಸಿಗೆ ಒರಗಿಸಿ, ಬಾಗಿಲಿಗೆ ಕಂಬಳಿ ಕಟ್ಟಿ ಒಳಗೆ ಕೂತನೆಂದರೆ, ಹೊರಗೆ ಬರುವಾಗ ಹಬೆಯಲ್ಲಿ ಬೆಂದ ಇಡ್ಲಿಯ ಹಾಗಿರುತ್ತಿದ್ದ. ಅಲ್ಲಿಯವರೆಗೆ ಹೆಂಡತಿ ಪ್ರಮೀಳಾ ಕುಕ್ಕರ್ ಇಡುವಂತಿಲ್ಲ. 'ಪಾಂಡವಪುರ ಬೀಟ್ಸ್, ಭಾಗ ಒಂದ'ರಲ್ಲಿ ಮೂರು ವಿಷಲ್ ಸೇರಿಕೊಂಡಿದ್ದವು.

ಎಲ್ಲೋ ಯಾರೋ ಒಬ್ಬರು ತನ್ನ ತಾಳಕ್ಕೆ ಕಾಲು ಕುಣಿಸಬೇಕು, ಅವನ ಆಸೆ ಅಷ್ಟೇ. ಜನರನ್ನು ತಲುಪಲಿ ಎಂದು ಕ್ಯಾಸೆಟ್ಟನ್ನು ಅಸಲಿಗಿಂತ ಕಡಿಮೆ ಬೆಲೆಗೆ ಅಂಗಡಿಗಳಲ್ಲಿ ಇಡುತ್ತಿದ್ದ. ಶ್ರೀರಂಗಪಟ್ಟಣಕ್ಕೆ ಹೋದವು ಹೋದಷ್ಟೇ ಹಿಂದಕ್ಕೆ ಬಂದವು. ಕೊನೆಗೆ ಪ್ರಮೀಳಾ ಕರಾರು ಹಾಕಿದಳು: ನಾಲ್ಕನೇ ಭಾಗವನ್ನೂ ಯಾರೂ ಕೇಳದಿದ್ದರೆ ಕೀಬೋರ್ಡು ಮನೆ ಬಿಡಬೇಕು. ಪಾಪ, ಅವಳೂ ಎಷ್ಟು ವರ್ಷ ಕುಕ್ಕರಿಲ್ಲದೆ ಅನ್ನ ಬೇಯಿಸಿಯಾಳು? ನಾಲ್ಕನೆಯದು ಅಂಗಡಿಗಳಿಗೆ ಹೋಗಿ ತಿಂಗಳುಗಳಾದರೂ ಎಲ್ಲಿಂದಲೂ ಸುದ್ದಿ ಬಂದಿರಲಿಲ್ಲ.

ತಿಮ್ಮರಾಜು ಮನೆ ಮುಟ್ಟುವ ಹೊತ್ತಿಗೆ ನಾಗಮಂಗಲದ ಆರ್ಕೆಸ್ಟ್ರಾದ ರಾಘವೇಂದ್ರ ತಾನು ಕೊಂಡ ಕೀಬೋರ್ಡನ್ನು ವ್ಯಾನಿಗೆ ಏರಿಸಿ ಬಾಗಿಲು ಹಾಕುತ್ತಿದ್ದ.

"ಇಳ್ಸಿ! ಇಳ್ಸಿ! ಮಾರಕಿಲ್ಲ! ನೂರು ಕ್ಯಾಸೆಟ್ಟಿಗೆ ಆರ್ಡರ್ ಬಂದದೆ!"

"ಇದೇನ್ರೀ ಇದು, ಸಂಜೆ ಮದುವೆ ರಿಸೆಪ್ಶನ್ ಇದೆ, ಇದನ್ನೇ ನಂಬ್ಕೊಂಡು ಒಪ್ಕೊಂಡಿದೀನಿ," ಎಂದು ರಾಘವೇಂದ್ರ ಗೊಣಗಿದ.

ಗಲಾಟೆ ಕೇಳಿ ಪಕ್ಕದ ಮನೆಯ ಜಯರಾಮಯ್ಯ ಮೇಷ್ಟ್ರು ಬಂದರು. ಆ ಡಬಡಬಕ್ಕೆ ತಮ್ಮ ಸಂಧ್ಯಾವಂದನೆ ಕೆಡುತ್ತದೆಂದು ನಾಲ್ಕು ವರ್ಷದಿಂದ ಜಗಳ ಆಡುತ್ತಿದ್ದವರು ಅವರೇ. ನೂರು ಎಂಬ ಮಾತು ಕಿವಿಗೆ ಬಿದ್ದದ್ದೇ ಅವರ ಮುಖ ಅರಳಿತು. "ನಾನು ಮೊದಲೇ ಅಂದ್ಕೊಂಡಿದ್ದೆ ಕಣಯ್ಯ. ನಮ್ಮ ಗೋಡೆ ಪಕ್ಕದಲ್ಲೇ ಹುಟ್ಟಿದ ಸಂಗೀತ ಇದು!"

ಪ್ರಮೀಳಾ ಮಾತ್ರ ಬಾಗಿಲಲ್ಲೇ ನಿಂತು ಹೇಳಿದಳು: "ಆರ್ಡರ್ ಇರ್ಲಿ. ಅಲ್ಲಿ ಜನ ಕೇಳ್ತಾವ್ರಾ, ಕುಣೀತಾವ್ರಾ, ಕಣ್ಣಾರೆ ನೋಡ್ಕೊಂಡ್ ಬನ್ನಿ. ಸಾಕ್ಷಿಗೆ ಮೇಷ್ಟ್ರೂ ಬರ್ಲಿ. ನಿಜ ಆದ್ರೆ ಪೆಟ್ಗೆ ವಾಪಸ್ ಬರ್ಲಿ. ಸುಳ್ಳಾದ್ರೆ ಅಲ್ಲಿಂದ್ಲೇ ನಾಗಮಂಗಲಕ್ಕೆ ಹೋಗ್ಲಿ."

ರಾಘವೇಂದ್ರ ಗಡಿಯಾರ ನೋಡಿಕೊಂಡು, ಸುತ್ತಾದರೂ ಸರಿ ಎಂದು ಒಪ್ಪಿದ. ಮೇಷ್ಟ್ರು ಮನೆಗೆ ಓಡಿ, ಅಭಿಮಾನಿಗಳ ಎದುರು ಹೊದಿಸಲು ಒಂದು ಶಾಲು ಹಿಡಿದು ಬಂದರು. ದಾರಿಯುದ್ದಕ್ಕೂ ಅವರು ಸನ್ಮಾನ ಭಾಷಣ ಅಭ್ಯಾಸ ಮಾಡಿದರು. ತಿಮ್ಮರಾಜು ಹಿಂದೆ ಕೀಬೋರ್ಡಿನ ಪಕ್ಕ ಕೂತು ಪ್ರತಿ ಹಳ್ಳಕ್ಕೂ ಅದನ್ನು ತಬ್ಬಿಕೊಂಡ.

ಸಂತೆಬಾಚಹಳ್ಳಿಯಲ್ಲಿ ಕುಳ್ಳಯ್ಯನ ಅಂಗಡಿ ಮುಂದೆ ಯಾರೂ ಕುಣಿಯುತ್ತಿರಲಿಲ್ಲ. ಕುಳ್ಳಯ್ಯ ಒಬ್ಬರಿಗೆ ಹುರುಳಿ ತೂಗುತ್ತಿದ್ದ. ಮಂಚಮ್ಮ ಎಂಬ ಅಜ್ಜಿ ಟೇಪ್‌ರೆಕಾರ್ಡರಿನ ಮುಂದೆ ಕೂತು ಕೂಗಿಕೊಳ್ಳುತ್ತಿತ್ತು: "ಯಾರಾರ ಆ ಕೆಂಪ್ ಗುಂಡಿ ಒತ್ರಪ್ಪ! ನಂಗೆ ಒತ್ತಕ್ಕಾಗಕಿಲ್ಲ!"

"ತಡೀಯವ್ವ, ಕೈ ಬುಡುವಿಲ್ಲ," ಎಂದ ಕುಳ್ಳಯ್ಯ.

ರೆಕಾರ್ಡಿಂಗ್ ಎಂದ ಮೇಲೆ ತಿಮ್ಮರಾಜು ಸುಮ್ಮನಿರುವುದುಂಟೆ? "ಸರೀರಿ, ನಾನ್ ಒತ್ತೀನಿ, ಇದು ನನ್ ಕಸುಬು," ಎಂದು ಮುಂದೆ ನುಗ್ಗಿದ. ಮೇಷ್ಟ್ರ ಬಾಯಿ ಮುಚ್ಚಿಸಿದ. ಮೆಟ್ಟಿಲ ಮೇಲಿದ್ದ ಕೋಳಿಯನ್ನು ಓಡಿಸಿದ. ಬೆರಳೆತ್ತಿ ಅಜ್ಜಿಗೆ ಸನ್ನೆ ಕೊಟ್ಟು ಗುಂಡಿ ಒತ್ತಿದ. ಅಜ್ಜಿ ಬೊಂಬಾಯಿಯಲ್ಲಿರುವ ಮಗನಿಗೆ ಊರ ಸುದ್ದಿಯನ್ನೆಲ್ಲ ಹೇಳಿತು. ರೆಕಾರ್ಡಿಂಗ್ ಬಹಳ ಚೆನ್ನಾಗಿ ಬಂತು.

ಮುಗಿದ ಮೇಲೆ ತಿಮ್ಮರಾಜು ಕ್ಯಾಸೆಟ್ಟು ತೆಗೆದು ನೋಡಿದ. ಅದರ ಮೇಲೆ ಅವನದೇ ಕೈಬರಹ: ಪಾಂಡವಪುರ ಬೀಟ್ಸ್, ಭಾಗ ನಾಲ್ಕು.

"ಇದು... ಇದು ನನ್ ಕ್ಯಾಸೆಟ್ಟು!"

"ಓ, ತಿಮ್ಮರಾಜು ಅಂದ್ರೆ ನೀವೇಯಾ!" ಕುಳ್ಳಯ್ಯ ತಕ್ಕಡಿ ಬಿಟ್ಟು ಓಡಿಬಂದು ಕೈ ಮುಗಿದ. "ನಮ್ಮೂರ್ಗೆ ದೊಡ್ಡ ಉಪಕಾರ ಮಾಡಿದೀರಿ ಸಾ. ಇಲ್ಲಿ ಅರ್ಧ ಮನೆ ಐಕ್ಳು ಬೊಂಬಾಯಲ್ಲವ್ರೆ. ಅವ್ವಂದ್ರಿಗೆ ಬರೆಯಕ್ಕೆ ಬರಾಕಿಲ್ಲ. ಮಾತಾಡಿ ತುಂಬಿ ಕಳಿಸ್ತಾರೆ. ಕಂಪನಿ ಕ್ಯಾಸೆಟ್ಟಲ್ಲಿ ಹಿಂದ್ಗಡೆ ಪ್ಲಾಸ್ಟಿಕ್ ಚೂರು ಮುರ್ದಿರ್ತಾರೆ, ಅದ್ರ ಮ್ಯಾಲೆ ತುಂಬಕ್ಕಾಗಕಿಲ್ಲ. ನೀವು ಮುರೀದೆ ಬುಟ್ಟಿದೀರಿ. ಖಾಲಿ ಕ್ಯಾಸೆಟ್ಟಿಗಿಂತ ನಿಮ್ದೇ ಅಗ್ಗ!"

"ಅದ್ರಲ್ಲಿರೋ ಸಂಗೀತ?"

"ಅದು ಅಳುಸೋಯ್ತದೆ ಸಾ, ಯೋಚ್ನೆ ಮಾಡ್ಬೇಡಿ. ಮುಂದ್ಲ ನೂರ್ನ ಬೇಕಾದ್ರೆ ಏನೂ ತುಂಬ್ದೆ ಖಾಲೀನೇ ಕಳ್ಸಿ. ನಿಮ್ಗೂ ಶ್ರಮ ಕಡ್ಮೆ."

ಮೇಷ್ಟ್ರು ಶಾಲನ್ನು ಮೆಲ್ಲಗೆ ಮಡಿಸಿ ಕಂಕುಳಿಗೆ ಸೇರಿಸಿದರು. ರಾಘವೇಂದ್ರ ವ್ಯಾನಿನ ಕಡೆ ನೋಡಿದ. ತಿಮ್ಮರಾಜುವಿಗೆ ಅಳು ಬಂದಿತ್ತು. ಅಷ್ಟು ಜನರ ಎದುರು ಅಳಲಾಗದೆ ತಾನೇ ಹೋಗಿ ವ್ಯಾನಿನ ಬಾಗಿಲನ್ನು ದಢಾರನೆ ಹಾಕಿದ. "ತಗೊಂಡೋಗಿ. ಇನ್ ನಂಗೆ ಆ ಸಹವಾಸ ಬ್ಯಾಡ."

ವ್ಯಾನು ನಾಗಮಂಗಲದ ಕಡೆ ಹೊರಟುಹೋಯಿತು. ಅವನೂ ಮೇಷ್ಟ್ರೂ ಬಸ್ಸಿಗೆ ಕಾಯುತ್ತ ಅಂಗಡಿ ಜಗಲಿಯ ಮೇಲೆ ಕೂತರು.

ಅವನ ಮುಖ ನೋಡಿ ಮಂಚಮ್ಮ ಹತ್ತಿರ ಸರಿದು ಕೂತಿತು. "ಯಾಕ್ ಮಗ ಅಂಗೆ ಸಪ್ಪಗ್ ಕುಂತಿದ್ದೀಯೆ? ಅದ್ರಲ್ಲಿ ಡಬಡಬ ಅನ್ನೋದು ನಿಂದೇಯಾ? ನನ್ ಮಗ ಕುಮಾರ ಅದುನ್ನ ಏನೋ ಯೋಳ್ತಿದ್ದ. ಓದ್ ಸಲ ನಾನು ಇದ್ರಲ್ಲಿ ಮಾತಾಡಿ ಕಳ್ಸಿದ್ದೆ. ಅವ್ನು ಇದ್ರಲ್ಲೇ ಮಾತಾಡಿ ವಾಪಸ್ ಕಳ್ಸವ್ನೆ. ಆಕು ಕುಳ್ಳಯ್ಯ, ಕೇಳ್ಲಿ."

ಕುಳ್ಳಯ್ಯ ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿ ಹಾಕಿದ. ಕುಮಾರನ ದನಿ ಬಂತು:

"ಅವ್ವಾ, ನಾನ್ ಚೆನ್ನಾಗಿವ್ನಿ. ನಿನ್ ಮಾತು ಮುಗುದ್ಮ್ಯಾಲೆ ಅದ್ಯಾವ್ದೋ ಡ್ಯಾನ್ಸ್ ಮ್ಯೂಜಿಕ್ ಬತ್ತದಲ್ಲ, ಸಕತ್ತಾಗದೆ ಕಣವ್ವ! ಕ್ಯಾಂಟೀನ್ ಐಕ್ಳೆಲ್ಲ ದಿನಾ ಅದ್ಕೇ ಕುಣಿಯೋದು."

ತಿಮ್ಮರಾಜು ಜಗಲಿಯಿಂದ ಎದ್ದು ನಿಂತ. ಅವನ ಜನ್ಮದಲ್ಲಿ ಅಂಥ ಮಾತು ಯಾರೂ ಆಡಿರಲಿಲ್ಲ. ಮೇಷ್ಟ್ರು ಶಾಲನ್ನು ಮತ್ತೆ ಹೊರಗೆ ತೆಗೆದರು.

"ಇಲ್ಲಿಗೆ ಟೀಗೆ ಬರೋ ಸಿನಿಮಾ ಡ್ಯಾನ್ಸ್ ಮಾಸ್ಟ್ರು ಒಬ್ರು ಅದುನ್ನ ಕೇಳಿ ಹುಚ್ಚಾಗೋದ್ರು. ಇದುನ್ನ ಮಾಡ್ದೋನು ಪೆಟ್ಗೆ ಎತ್ಕೊಂಡ್ ಬರ್ಲಿ, ನನ್ ತಾವೇ ಕೆಲ್ಸಕ್ಕೆ ಮಡಿಕತೀನಿ ಅಂದ್ರು. ಮುಂದ್ಲ ತಿಂಗ್ಳು ಅವ್ರು ದುಬಾಯಿಗ್ ಹೋಯ್ತಾರೆ, ಅಷ್ಟ್ರೊಳ್ಗೆ ಫೋನ್ ಮಾಡ್ಬೇಕು. ನಾನೂ ಈ ಕ್ಯಾಂಟೀನ್ ಬುಡ್ತಾವ್ನಿ. ನನ್ ಹೊಸ ಅಡ್ರೆಸ್ಸು, ಮಾಸ್ಟ್ರು ಹೆಸ್ರು, ಫೋನ್ ನಂಬರು ಎಲ್ಲಾ ಯೋಳ್ತೀನಿ, ಯಾರ್ ಕೈಲಾರ ಬರ್ಸ್ಕೊ. ಮಾಸ್ಟ್ರು ಹೆಸ್ರು..."

ಟೇಪು ಒಮ್ಮೆ ಟಕ್ ಎಂದಿತು.

"ಲೋ ಕುಮಾರ, ನಾನ್ ಕಣ್ಲಾ ನಿಮ್ಮವ್ವ! ಎಮ್ಮೆ ಈದದೆ, ಹೆಣ್ಗರ!"

ತಿಮ್ಮರಾಜು ಹಿಂದಕ್ಕೆ ಸುತ್ತಿ ಹಾಕಿದ. ಹೆಣ್ಗರ. ಮತ್ತೆ ಸುತ್ತಿದ. ಮತ್ತೂ ಹೆಣ್ಗರ.

"ಪೂರ್ತಿ ಕೇಳ್ಲಿಲ್ವೇನಜ್ಜಿ ನೀನು?"

"ಚೆನ್ನಾಗಿವ್ನಿ ಅಂದ್ನಲ್ಲ, ಇನ್ನೇನ್ ಕೇಳೋದು? ಅರ್ಧಕ್ಕೇ ನಿಲ್ಲುಸ್ದೆ. ಉಗಾದಿಗ್ ಬತ್ತಾನೆ ಬುಡು, ಅವಾಗ ಕೇಳುವಂತೆ."

"ಅಯ್ಯಯ್ಯೋ! ಅಷ್ಟೊತ್ತಿಗೆ ಆ ಮಾಸ್ಟ್ರು ಎಲ್ಲಿರ್ತಾರೆ? ಅಂಥ ಮಾತಿನ ಮೇಲೆ ಯಾರ್ರೀ ರೆಕಾರ್ಡ್ ಮಾಡಿದ್ದು?" ಎಂದು ತಿಮ್ಮರಾಜು ತಲೆ ಚಚ್ಚಿಕೊಂಡ.

ಮಂಚಮ್ಮ ಅವನ ಬೆನ್ನು ಸವರಿತು. "ನೀನೇ ಅಲ್ವಾ ಮಗ ಗುಂಡಿ ಒತ್ತುದ್ದು? ಪಾಪ, ಎಷ್ಟು ಚೆನ್ನಾಗ್ ಒತ್ತುದ್ದೆ."