ಗೋವಿಂದರಾಜನ ಅರ್ಥಿಂಗ್ ಗುಂಡಿ

ಹೊಸ ಫ್ರಿಜ್ಜಿನ ಪ್ಲಗ್ಗಿಗೆ ಮೂರು ಕಾಲು, ಗೋಡೆಯ ಹಳೇ ಸಾಕೆಟ್ಟಿಗೆ ಎರಡೇ ತೂತು. ಕುಷ್ಟಗಿಯ ಗುಮಾಸ್ತ ಗೋವಿಂದರಾಜ ಗರಗಸದ ಬ್ಲೇಡು ತಂದು ಆ ದಪ್ಪನೆಯ ಮೂರನೇ ಕಾಲನ್ನು ಕೊಯ್ದು ಹಾಕಿದ. ಫ್ರಿಜ್ಜು ಗುರ್ ಎಂದು ಓಡಿತು. ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಆಮೇಲೆ ಅದು ಮುಟ್ಟಿದವರನ್ನು ತಿರುಗಿ ಮುಟ್ಟತೊಡಗಿತು. ಬಾಗಿಲಿಗೆ ಕೈಯಿಟ್ಟರೆ ಬೆರಳಿನಿಂದ ಮೊಣಕೈವರೆಗೆ ಯಾರೋ ಒಳಗಿನಿಂದ ಹಿಡಿದು ಎಳೆದ ಹಾಗೆ. ಹೆಂಡತಿ ಮಹೇಶ್ವರಿ ಮೂರು ದಿನ ತಡೆದುಕೊಂಡಳು. ನಾಲ್ಕನೆಯ ದಿನ, "ಇದರಾಗ ಏನೋ ಐತ್ರಿ. ಅದು ಹೋಗೋತನಕ ನಾ ಈ ಮನ್ಯಾಗ ಇರಾಂಗಿಲ್ಲ" ಎಂದು ನಸುಕಿನ ಬಸ್ಸಿಗೆ ತವರೂರು ಇರಕಲ್ಲಗಡಕ್ಕೆ ಹೋಗಿಬಿಟ್ಟಳು.

ಫ್ರಿಜ್ಜಿಗೆ ಹೆದರಿ ಹೆಂಡತಿ ಓಡಿಹೋದಳೆಂದು ಓಣಿಯಲ್ಲಿ ಹೇಗೆ ಹೇಳುವುದು? ಪಕ್ಕದ ಮನೆಯ ಶಂಕ್ರಮ್ಮ ಕೇಳಿದಾಗ "ಜ್ವರ ಬಂದು ಮಲಗ್ಯಾಳ, ದೊಡ್ಡವ್ವಾ" ಎಂದ. ಹದಿನೈದು ದಿನ ಅದನ್ನೇ ಅಂದ. ಸುಳ್ಳು ಒಂದೇ ಆದರೆ ನೆನಪಿಡುವುದು ಸುಲಭ ನೋಡಿ.

ಕೊನೆಗೆ ಮಹೇಶ್ವರಿಯ ಕಾಗದ ಬಂತು. ಆದಿತ್ಯವಾರ ಸಂಜೆ ಐದರ ಬಸ್ಸಿಗೆ ಬರುತ್ತೇನೆ, ಫ್ರಿಜ್ಜು ಮುಟ್ಟಿ ನೋಡುತ್ತೇನೆ, ಹೊಡೆಯದಿದ್ದರೆ ಉಳಿಯುತ್ತೇನೆ, ಹೊಡೆದರೆ ಆರೂವರೆ ಬಸ್ಸಿಗೆ ತಿರುಗಿ ಹೋಗುತ್ತೇನೆ. ಹೆಂಡತಿಯಿಲ್ಲದ ಮನೆ ಎಷ್ಟು ದೊಡ್ಡದೆಂದು ಗೋವಿಂದರಾಜನಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಓಡಿಹೋಗಿ ವೈರ್‌ಮನ್ ಕಾಸೀಮಸಾಬನನ್ನು ಕರೆತಂದ.

ಕಾಸೀಮಸಾಬ ಸಾಕೆಟ್ಟು ಬಿಚ್ಚಿ ನೋಡಿ ಲೊಚಗುಟ್ಟಿದ. "ಗ್ವಾಡ್ಯಾಗ ಎರಡ ವೈರ ಅದಾವ್ರಿ. ಫ್ರಿಜ್ಜಿನ ಮೈಗೆ ಬಂದ ಕರೆಂಟಿಗೆ ನೆಲಕ್ಕ ಇಳಿಯಾಕ ದಾರಿ ಇಲ್ಲ. ಅದಕ್ಕ ನಿಮ್ಮ ಮೈಯಾಗ ಹಾದು ಇಳೀತೈತಿ."

"ನಳದ ಪೈಪಿಗೆ ಒಂದು ವೈರ ಕಟ್ಟಿಬಿಡೂಣೇನ್ರಿ?"

"ಓಣಿ ಮಂದಿಯೆಲ್ಲಾ ನಳಾ ಮುಟ್ಟಿ ಜಿಗೀಲಿ ಅಂತೀರೇನು? ಹಿತ್ತಲದಾಗ ಎದಿಮಟ ಗುಂಡಿ ತೋಡ್ರಿ. ಉಪ್ಪು, ಇದ್ದಲಿ ತಂದಿಡ್ರಿ. ಆದಿತ್ಯವಾರ ಹತ್ತಕ್ಕ ಬಂದು ತಾಮ್ರದ ತಗಡು ಹಾಕಿ ಮೂರನೇ ವೈರ ಎಳೀತೀನಿ."

ಆದಿತ್ಯವಾರ ಬೆಳಗಾಗುತ್ತಲೇ ಗೋವಿಂದರಾಜ ಫ್ರಿಜ್ಜು ಸರಿಸಲು ಹೋದ. ಪ್ಲಗ್ಗು ಕೀಳುವುದು ಮರೆತಿತ್ತು. ಏನಾಯಿತೆಂದು ತಿಳಿಯುವುದರೊಳಗೆ ಒಲೆಯ ಪಕ್ಕದಲ್ಲಿ ಅಂಗಾತ ಬಿದ್ದಿದ್ದ. ಎಷ್ಟು ಹೊತ್ತು ಬಿದ್ದಿದ್ದನೋ, ಕಣ್ಣು ತೆರೆದಾಗ ಬಿಸಿಲು ಒಳಗೆ ಬಂದಿತ್ತು. ಎದ್ದು ಪ್ಲಗ್ಗು ಕಿತ್ತು, ಗುದ್ದಲಿ ಹಿಡಿದು ಹಿತ್ತಲಿಗೆ ನಡೆದ.

ಎರಡಡಿಗೇ ಬಂಡೆ ಸಿಕ್ಕಿತು. ಬಂಡೆ ತಪ್ಪಿಸಲು ಪಕ್ಕಕ್ಕೆ ಅಗೆಯುತ್ತ ಹೋದ. ಎದೆಮಟ ಇಳಿಯುವ ಹೊತ್ತಿಗೆ ಗುಂಡಿ ಒಂದಾಳು ಕಾಲು ಚಾಚಿ ಮಲಗುವಷ್ಟು ಉದ್ದವಾಗಿತ್ತು. ಕಾಸೀಮಸಾಬ ಬಂದವನೇ ಮೇನ್ ಸ್ವಿಚ್ಚು ತೆಗೆದು, ತಗಡಿಗೆ ತಂತಿ ಬಿಗಿದು ಗುಂಡಿಗಿಳಿಸಿದ. ಮೂರು ತೂತಿನ ಹೊಸ ಸಾಕೆಟ್ಟು, ಮೂರು ಕಾಲಿನ ಹೊಸ ಪ್ಲಗ್ಗು ಕೂರಿಸಿ, ಮೇನ್ ಮತ್ತೆ ಹಾಕಿ ಪರೀಕ್ಷೆ ಮಾಡಿದ. "ಉಪ್ಪು, ಇದ್ದಲಿ ಪದರ ಪದರ ಹಾಕಿ ಮಣ್ಣು ಮುಚ್ರಿ. ದಿನಾ ನೀರ ಹಾಕ್ರಿ" ಎಂದು ಹೇಳಿ, ಬೇರೆ ಕೆಲಸಕ್ಕೆ ಹುಲಿಹೈದರದ ಬಸ್ಸು ಹತ್ತಿದ.

ಗೋವಿಂದರಾಜ ಬುಟ್ಟಿಗಟ್ಟಲೆ ಉಪ್ಪು ಸುರಿಯುತ್ತಿದ್ದಾಗ ಶಂಕ್ರಮ್ಮ ಗೋಡೆಯ ಮೇಲಿಂದ ಇಣುಕಿದಳು. "ಮಹೇಶ್ವರಿ ಹೆಂಗದಾಳೋ?"

"ಮಲಗ್ಯಾಳ, ದೊಡ್ಡವ್ವಾ. ಎಬ್ಬಸಬ್ಯಾಡ್ರಿ" ಎಂದ, ಬಾಯಿಪಾಠದಂತೆ.

ಶಂಕ್ರಮ್ಮನ ಕಣ್ಣು ಉಪ್ಪಿನ ಮೇಲೆ ಬಿತ್ತು. ಗುಂಡಿಯ ಉದ್ದಕ್ಕೂ ಒಮ್ಮೆ ಹರಿದಾಡಿತು. ತಲೆ ಗೋಡೆಯಾಚೆ ಮಾಯವಾಯಿತು.

ಮಧ್ಯಾಹ್ನದ ಹೊತ್ತಿಗೆ ಓಣಿ ಬಿಕೋ ಎನ್ನತೊಡಗಿತು. ಆದಿತ್ಯವಾರ ಮನೆಮನೆಯಲ್ಲೂ ಕಿರುಚುವ ರೇಡಿಯೋ ಇಲ್ಲ, ಕುಟ್ಟುವ ಸದ್ದಿಲ್ಲ. ಗುಂಡಿ ಮುಚ್ಚಿ ಒಳಗೆ ಹೋಗಿ ಕೈತೊಳೆದು ಬಂದರೆ ಮಣ್ಣಿನ ದಿಬ್ಬದ ಮೇಲೆ ಒಂದು ಹಿಡಿ ಚೆಂಡುಹೂವು! ಯಾರಿಟ್ಟರು? ಹಿತ್ತಲ ಬಾಗಿಲು ಕಿರ್ ಎಂದಿತು. ಎದುರು ಮನೆಯ ಹುಲಿಗವ್ವ ಬಂದಳು. ಹೊಸ್ತಿಲಲ್ಲಿ ರೊಟ್ಟಿ ಗಂಟು ಇಟ್ಟು, ದಿಬ್ಬದ ಮೇಲೆ ಹಿಡಿ ಮಣ್ಣು ಹಾಕಿ ತಿರುಗಿದಳು.

"ಹುಲಿಗವ್ವಾ, ಏನಾತವಾ?"

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಹೊರಟುಹೋದಳು. ಹಿಂದೆ ಮತ್ತೊಬ್ಬರು, ಅವರ ಹಿಂದೆ ಮಗದೊಬ್ಬರು. ಸಾಲಾಗಿ ಬರುತ್ತಾರೆ, ಮಣ್ಣು ಹಾಕುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ಒಬ್ಬರೂ ಅವನ ಮುಖ ನೋಡುವುದಿಲ್ಲ, ಕೂಗಿದರೆ ಓಗೊಡುವುದಿಲ್ಲ.

ಗೋವಿಂದರಾಜನಿಗೆ ಬೆಳಗ್ಗೆ ಒಲೆಯ ಪಕ್ಕ ಬಿದ್ದದ್ದು ನೆನಪಾಯಿತು. ಬಿದ್ದದ್ದು ಖಾತ್ರಿ. ಎದ್ದದ್ದು? ಈ ಮಣ್ಣು ಯಾರಿಗೆ? ಕಾಸೀಮಸಾಬ ಮಾತಾಡಿದ್ದನಲ್ಲ ಎಂದು ಸಮಾಧಾನ ಮಾಡಿಕೊಂಡ. ಆದರೆ ಕಾಸೀಮಸಾಬ ಹಗಲೆಲ್ಲ ಕರೆಂಟಿನ ಜೊತೆ ಇರುವವನು, ಅವನಿಗೆ ಸತ್ತವರೂ ಕಾಣುತ್ತಿರಬಹುದು. ಶಂಕ್ರಮ್ಮ ಮಾತಾಡಿಸಿದಳು, ಹೌದು. ಆದರೆ ಹೇಗೆ ಓಡಿದಳು! ಗೋವಿಂದರಾಜ ತನ್ನ ಪಾದ ನೋಡಿಕೊಂಡ. ಮುಂದಕ್ಕೇ ಇದ್ದವು. ನೆರಳೂ ಇತ್ತು. ಆದರೂ ಧೈರ್ಯ ಬರಲಿಲ್ಲ. ಹೆಂಡತಿ ಬರುವ ದಿನವೇ ಸಾಯಬೇಕೇ ಎಂದು ಅಳು ಬಂತು.

ಆಗ ಓಣಿಯ ಹಿರಿಯ ದೊಡ್ಡಬಸಪ್ಪ ಕೋಲೂರುತ್ತ ಬಂದು ಅವನೆದುರೇ ನಿಂತ. "ಹಿರೇರು ನಾವು ಇನ್ನಾ ಬದುಕೀವಲ್ಲೋ ತಮ್ಮಾ! ಯಾರಿಗೂ ಹೇಳ್ದ ನೀ ಒಬ್ಬನೇ ಮಣ್ಣು ಮಾಡಿಬಿಟ್ಟ್ಯಾ?"

"ನಾ... ಕಾಣ್ತೀನೇನ್ರಿ ನಿಮಗ?"

"ಪಾಪ, ದುಃಖಕ್ಕ ತಲಿ ಕೆಟ್ಟೈತಿ. ಹದಿನೈದು ದಿನದ ಜ್ವರ, ದವಾಖಾನಿಗೆ ಒಯ್ಯಬಾರ್ದಿತ್ತೇನೋ ಮಹೇಶ್ವರಿನ್ನ?"

ಹೆಣಕ್ಕೆ ಉಪ್ಪು ಹಾಕಿ ಹೂಳುವ ಸೀಮೆ ಅದು. ಗೋವಿಂದರಾಜನಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ತಾನು ಸತ್ತಿಲ್ಲವೆಂಬ ಸಂತೋಷಕ್ಕೆ ನಕ್ಕೇಬಿಟ್ಟ. "ಆಕಿ ಸತ್ತಿಲ್ರೀ! ತವರಮನ್ಯಾಗ ಅದಾಳ. ಐದರ ಬಸ್ಸಿಗೆ ಬರ್ತಾಳ!"

ನಕ್ಕದ್ದೇ ತಪ್ಪಾಯಿತು. ದೊಡ್ಡಬಸಪ್ಪ ಹಿಂದಕ್ಕೆ ಸರಿದ. "ಹೂಂ ತಮ್ಮಾ, ಬರ್ತಾಳ" ಎಂದು ಕೂಸಿಗೆ ಹೇಳುವ ಹಾಗೆ ಹೇಳಿ ಹೊರನಡೆದ.

ಐದು ಹೊಡೆದು ಹತ್ತು ನಿಮಿಷಕ್ಕೆ ಮಹೇಶ್ವರಿ ಕೈಚೀಲ ಹಿಡಿದು ಓಣಿಗೆ ಕಾಲಿಟ್ಟಳು. ಕಟ್ಟೆಯ ಮೇಲೆ ಕೂತಿದ್ದ ಹತ್ತಿಪ್ಪತ್ತು ಜನ ಒಂದು ಕ್ಷಣ ಕಲ್ಲಾದರು. ಯಾರೋ ಚಿಟ್ಟನೆ ಚೀರಿದರು. ಮರುಗಳಿಗೆ ಕಟ್ಟೆಯ ಮೇಲೆ ನಾಲ್ಕು ಚಪ್ಪಲಿ ಬಿಟ್ಟರೆ ಏನೂ ಇರಲಿಲ್ಲ. ಬಾಗಿಲುಗಳು ಒಂದರ ಹಿಂದೊಂದು ಅಗುಳಿ ಹಾಕಿಕೊಂಡವು.

ಮಹೇಶ್ವರಿ ಬೆರಗಾಗಿ ಒಳಗೆ ಬಂದಳು. ಕಣ್ಣು ಮುಚ್ಚಿ ಫ್ರಿಜ್ಜಿಗೆ ಅಂಗೈ ಒತ್ತಿದಳು. ಏನೂ ಇಲ್ಲ. ಎರಡೂ ಕೈ ಒತ್ತಿದಳು. ಏನೂ ಇಲ್ಲ. ಅವಳ ಮುಖ ಅರಳಿತು, ಗೋವಿಂದರಾಜನ ಜೀವ ಅರಳಿತು.

"ಛಲೋ ಆತ್ರಿ. ಶಂಕ್ರಮ್ಮ ದೊಡ್ಡವ್ವನ ಕಡೆ ಚೂರು ಹೆಪ್ಪು ತರ್ತೀನಿ" ಎಂದು, ಅವನು ಬಾಯಿ ತೆರೆಯುವುದರೊಳಗೆ ಹೊರಟೇಬಿಟ್ಟಳು.

ಶಂಕ್ರಮ್ಮ ಬಾಗಿಲು ತೆಗೆಯಲಿಲ್ಲ. ಒಳಗಿನಿಂದ ನಡುಗುವ ದನಿ ಬಂತು. "ಏನ್ ಬೇಕವಾ ನಿನಗ? ಮುತ್ತೈದಿಗೆ ಹಸರ ಸೀರಿ ಉಡಿಸಿ ಕಳಸ್ಲಿಲ್ಲಂತ ಬಂದ್ಯಾ? ಎಡಿ ಇಡತೀವಿ ತಾಯೀ, ಹೋಗವಾ!" ಹುಲಿಗವ್ವ ಕಿಟಕಿಯಿಂದ ಹಿಡಿ ಸಾಸಿವೆ ಎಸೆದಳು.

ಮಹೇಶ್ವರಿ ತಿರುಗಿ ಬಂದಾಗ ತಲೆಯ ತುಂಬ ಸಾಸಿವೆ. ಗೋವಿಂದರಾಜ ತೊದಲುತ್ತ ಎಲ್ಲ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು ಕೈಚೀಲ ಎತ್ತಿಕೊಂಡಳು.

"ಜ್ವರ ಅಂತ ಹೇಳಿ ಮಣ್ಣಿನತನಕ ತಂದ್ರಿ. ಸತ್ತಾಕಿ ಹೆಂಗ ಸಂಸಾರ ಮಾಡ್ಲಿರಿ ಈ ಓಣ್ಯಾಗ? ಇನ್ನ ಬರಾಂಗಿಲ್ಲ."

ಆರೂವರೆ ಬಸ್ಸು ಅವಳನ್ನು ಹತ್ತಿಸಿಕೊಂಡು ಹೋಯಿತು. ಗೋವಿಂದರಾಜ ಕಾಲೆಳೆಯುತ್ತ ಓಣಿಗೆ ಬಂದಾಗ ಬಾಗಿಲುಗಳು ಬೆರಳಷ್ಟು ತೆರೆದಿದ್ದವು.

"ಹೋದ್ಲೇನು?" ದೊಡ್ಡಬಸಪ್ಪ ಪಿಸುಗುಟ್ಟಿದ.

"ಹೋದ್ಲು."

ಓಣಿ ಉಸಿರು ಬಿಟ್ಟಿತು. ಶಂಕ್ರಮ್ಮ ಧೈರ್ಯ ಮಾಡಿ ಹೊರಗೆ ಬಂದು ಅವನ ಕೈ ಹಿಡಿದಳು. "ಅಳಬ್ಯಾಡಪಾ. ಯಲಬುರ್ಗಾದಾಗ ನಮ್ಮ ತಂಗಿ ಮಗಳದಾಳ, ಲಕ್ಷಣ ಕನ್ಯಾ. ಮಹೇಶ್ವರಿ ದಿನಕರ್ಮ ಮುಗೀಲಿ, ಮಾತಾಡ್ತೀನಿ. ಆದರ ಒಂದ ಮಾತು ಖರೇ ಹೇಳು. ಮಹೇಶ್ವರಿ ಮತ್ತ ಬರಾಂಗಿಲ್ಲಲ್ಲ?"

"ಬರಾಂಗಿಲ್ಲ" ಎಂದ ಗೋವಿಂದರಾಜ. ಆ ದಿನ ಅವನು ಆಡಿದ ಮಾತುಗಳಲ್ಲಿ ಓಣಿಯವರೆಲ್ಲ ನಂಬಿದ್ದು ಅದೊಂದನ್ನೇ.